ಕೊಸರು

ದಾವಣಗೆರೆ. ಭಟ್ಟಿ ಸಾಲಿನ ಮೇಲಿನ ಕೋಣೆ.
ಕೆಳಗೆ ಹೊಟ್ಟಿನ ಬೆಂಕಿ, ಕಾದ ಮರಳು, ಜರಡಿಯ ಸದ್ದು.
ಮೇಲೆ ನಾನು, ಕಿಟಕಿ ಹಲಗೆಯ ಮೇಲೆ ಲ್ಯಾಪ್‌ಟಾಪು,
ಕೀಲಿಗಳ ಸಂದಿನಲ್ಲೂ ಮಸಿ.

ಕಪ್ಪು ಮಂಡಕ್ಕಿ ಆರಿಸುವ ಯಂತ್ರಕ್ಕೆ
ಒಂದು ಕಣ್ಣು ಕೂರಿಸಬೇಕು. ಕಣ್ಣಿಗೊಂದು ಡ್ರೈವರು,
ಡ್ರೈವರಿಗೆ ನಾನೇ ಕಟ್ಟಿದ ಕರ್ನಲ್ಲು.
"ಕರ್ನಲ್ ಅಂದ್ರೇನವ್ವಾ?" ಕೇಳಿದ್ದರು ಚಮನ್‌ಸಾಬ್ರು.
ಕಾಳು ಅಂದೆ. ಒಳಗಿನ ತಿರುಳು.
"ಹಂಗಾದ್ರೆ ಭಾಳ ಕಾಯಿಸಬ್ಯಾಡ, ಅರಳಿಬಿಡ್ತೈತಿ."

ಅರಳಿಯೇಬಿಟ್ಟಿತು.
ನಲವತ್ತು ನಿಮಿಷ ಕಟ್ಟಿ ಮುಗಿದ ಪ್ಯಾಕೇಜಿನ ಹೆಸರ ತುದಿಗೆ
ನಾನಿಡದ ಒಂದು ಕೂಡುವ ಗುರುತು:
೬.೧.೫೫+
ಬೋರ್ಡು ಎದ್ದು ತನ್ನ ಹೆಸರು ಹೇಳಿತು, ಬಾಲ ಸಮೇತ.
ಡ್ರೈವರು ಮಾತ್ರ ಬಾಲವಿಲ್ಲದ ವಿಳಾಸದಲ್ಲಿ
ಬಾಗಿಲು ಹಾಕಿಕೊಂಡು ಕಾಯುತ್ತ ಕೂತಿದೆ.
ಕಣ್ಣು ತೆರೆಯಲಿಲ್ಲ.

ಕಾನ್ಫಿಗ್ ಫೈಲು ಜಾಲಾಡಿದೆ. ಇಲ್ಲ.
ಮೇಕ್‌ಫೈಲಿನ ಮೊದಲ ಐದು ಸಾಲು. ಅಲ್ಲೂ ಇಲ್ಲ.
ಫೋಲ್ಡರಿನ ಹೆಸರನ್ನೇ ತಿದ್ದಿ ಮಲಗಿಬಿಡಬಹುದಿತ್ತು;
ನಾಳೆ ಇನ್ನೊಂದು ಬೋರ್ಡು, ಇನ್ನೊಂದು ಸುಳ್ಳು.
ಕೊನೆಗೆ ಸಿಕ್ಕಿತು, ಮೂಲೆಯ ಪುಟ್ಟ ಸ್ಕ್ರಿಪ್ಟಿನಲ್ಲಿ:
ಮುದ್ರೆ ಬಿದ್ದ ಮೂಲದಿಂದ ನಾನು
ಒಂದು ಹೆಜ್ಜೆ ಆಚೆ ಬಂದಿದ್ದೇನೆಂದು,
ಬಾಲದ ಬಗ್ಗೆ ಏನೂ ಹೇಳಿಲ್ಲವೆಂದು,
ತಾನೇ ಕೈಯಾರೆ ಕೊಸರು ಹಾಕಿದೆ.

ಹೇಳಿಲ್ಲ, ನಿಜ. ಏನೂ ಬೇಡವಾಗಿತ್ತಲ್ಲ.

ಚಹಾಕ್ಕೆಂದು ಇಳಿದೆ. ಚಮನ್‌ಸಾಬ್ರು ಚೀಲದ ಲೆಕ್ಕ ಬರೆಯುತ್ತಿದ್ದರು.
ಗುರುವಾರ ಒಲೆ ಹೊತ್ತಿಲ್ಲ, ಒಂದು ಚೀಲವೂ ಹೋಗಿಲ್ಲ;
ಆದರೂ ಆ ಮನೆಯಲ್ಲಿ ದಪ್ಪಗೆ ಸೊನ್ನೆ ಸುತ್ತಿದರು.
"ಖಾಲಿ ಬಿಟ್ರೆ ಯಾರವ್ವಾ ಸುಮ್ನಿರ್ತಾರ?
ನಮ್ಮ ರೈಟರ್ ಜಬೀವುಲ್ಲಾ ಏನಾರ ತುಂಬಿಬಿಡ್ತಾನ.
ಏನಿಲ್ಲ ಅಂತನೂ ನಾವೇ ಬರೀಬೇಕು."

ಚಹಾ ಅಲ್ಲೇ ಉಳಿಯಿತು. ಮೆಟ್ಟಿಲು ಎರಡೆರಡು.
ಲೋಕಲ್‌ವರ್ಷನ್ ಎಂದು ಬರೆದು, ಸಮ ಗುರುತು ಹಾಕಿ,
ಅದರ ಮುಂದೆ ಏನೂ ಬರೆಯದೆ
ಎಂಟರ್.

ಮತ್ತೆ ನಲವತ್ತು ನಿಮಿಷ. ಪರದೆಯ ಮೇಲೆ ಓಡುವ ಸಾಲು,
ಸಾಲಿನ ಮೇಲೆ ಬಂದು ಕೂರುವ ಬೂದಿ.
ಹೆಸರು ಐವತ್ತೈದಕ್ಕೇ ನಿಂತಿತು.

ಕಣ್ಣು ಕೆಂಪಾಗಿ, ಆಮೇಲೆ ಹಸಿರಾಗಿ ತೆರೆಯಿತು.
ಮೊದಲು ಕಂಡದ್ದು ನನ್ನ ಮಸಿ ಹೆಬ್ಬೆರಳು;
ಕಪ್ಪು ಕಾಳೆಂದು ತಿಳಿದು
ಉಫ್ ಎಂದು ಅದರ ಮೇಲೆ ಗಾಳಿ ಊದಿತು.