ಏಳನೆಯ ಕಾಲುಚೀಲ

ಸೀಸೆಗಳಿಗೆ ಕಾಲುಚೀಲ ತೊಡಿಸುವುದು ನನ್ನ ಕೆಲಸ.
ಹನ್ನೆರಡು ಸೀಸೆ, ಹನ್ನೆರಡು ಒಂಟಿ ಚೀಲ,
ಎಲ್ಲ ನನ್ನ ಮನೆಯವೇ, ಜೋಡಿ ಕಳಕೊಂಡವು.
ಎರಡು ಎಸ್ತೆವ್‌ನವು. ಅವನೂ ಹಾಗೇ ಹೋದವನು.
ಕುತ್ತಿಗೆಗೆ ದಾರ, ದಾರಕ್ಕೆ ಚೀಟಿ, ಚೀಟಿಗೊಂದು ಅಂಕಿ.
ಯಾವ ಚೀಲದೊಳಗೆ ಯಾರ ಗುಡ್ಡವೆಂದು
ಇವತ್ತು ಈ ಊರಲ್ಲಿ ಬಲ್ಲವಳು ನಾನೊಬ್ಬಳೇ.

ಕೊರ್ಬಿಯೇರ್ ಬೆಟ್ಟಗಳ ನಡುವೆ, ಮಾರ್ಚ್ ತಿಂಗಳು,
ಸಹಕಾರಿ ಸಂಘದ ಹಿಂದಿನ ಕೋಣೆ.
ಹೊರಗೆ ಸೆರ್ಸ್ ಗಾಳಿ, ಮೂರು ದಿನದಿಂದ
ಮರೆತುಹೋದ ಕೊಡೆ ಕೇಳಲು ಬಂದವನ ಹಾಗೆ
ಕದ ತಟ್ಟುತ್ತಲೇ ಇದೆ.
ಮೇಜಿನುದ್ದಕ್ಕೂ ಬಿಳಿ ಕಾಗದ. ಐದು ಜನ.
ಉಗುಳಲು ಬಕೆಟ್ಟು, ನಾಲಿಗೆ ಒರೆಸಲು ಒಣ ಬ್ರೆಡ್ಡು,
ಇಪ್ಪತ್ತಕ್ಕೆ ಎಷ್ಟು ಎಂದು ಬರೆಯಲು ಹಾಳೆ.
ಹದಿನಾಲ್ಕು ಬಂದರೆ ಊರ ಹೆಸರು ಹೊತ್ತ ಸೀಸೆಗೆ,
ಬಾರದಿದ್ದರೆ ಟ್ಯಾಂಕರಿಗೆ,
ಅದು ಎಲ್ಲಿಗೆ ಹೋಗುತ್ತದೆಂದು ಕೇಳುವವರಿಲ್ಲ.

ಮೊದಲು ಕಣ್ಣು: ಲೋಟ ಓರೆಮಾಡಿ,
ಅಂಚಿಗೆ ನೇರಳೆ, ನಡುವೆ ಕತ್ತಲು.
ಆಮೇಲೆ ಮೂಗು. ಆಮೇಲೆ ಬಾಯಿ;
ಬಿಸಿ ಸಾರು ಹೀರುವ ಮಕ್ಕಳ ಹಾಗೆ
ಐವರು ದೊಡ್ಡವರು ಸೊರ್ ಎನ್ನುತ್ತಾರೆ,
ಮುಖದಲ್ಲಿ ನ್ಯಾಯಾಧೀಶರ ಗಾಂಭೀರ್ಯ.

ನಾರ್ಬೊನ್‌ನಿಂದ ಬಂದ ತಜ್ಞೆ ಸೊಲೀನ್ ಆಸ್ತ್ರುಕ್
ಬರೀ ನಾಮಪದಗಳಲ್ಲಿ ಮಾತಾಡುತ್ತಾಳೆ:
ಲವಂಗ. ಒದ್ದೆ ಕಲ್ಲು. ಕುದುರೆಯ ಜೀನು.
ಔಷಧಿ ಅಂಗಡಿಯವನು ಅವಳನ್ನೇ ನೋಡಿ ಬರೆಯುತ್ತಾನೆ.
ಶಾಲೆಯ ಮೇಡಂ ಎಲ್ಲದಕ್ಕೂ ಹದಿಮೂರೂವರೆ.
ಮುದುಕ ಬೌದಿಲ್‌ನ ಶಬ್ದಕೋಶದಲ್ಲಿ ಎರಡೇ ಪದ:
ಕುಡಿಯಬಹುದು. ಕುಡಿಯಲಾಗದು.
ಐದನೆಯವನು ಫುಲ್ಕ್ರಾನ್ ರುಕೆತ್. ಅವನಿಗೆ ಒಗರು ಬೇಕು.
ಒಗರಿಲ್ಲದ್ದು ಹತ್ತು ವರ್ಷ ಬಾಳುವುದಿಲ್ಲ ಎನ್ನುತ್ತಾನೆ,
ಮನುಷ್ಯರ ವಿಷಯವೋ ವೈನಿನದೋ ಹೇಳುವುದಿಲ್ಲ.

ನಾಲ್ಕು ಹುಳಿ. ಐದು ಚೆನ್ನ. ಆರನೆಯದರಲ್ಲಿ
ಸಿಮೆಂಟು ತೊಟ್ಟಿಯ ತೊಳೆಯದ ಮೂಲೆ.

ಏಳು. ಕಡುನೀಲಿ ಉಣ್ಣೆಯ ಚೀಲ.
ಸುರಿದೆ.
ಲೋಟ ಮೂಗಿಗೆ ಏರಿತು, ಅಲ್ಲೇ ನಿಂತಿತು.
ಗಾಳಿ ಕೂಡ ಕದ ಬಿಟ್ಟು ಎಲ್ಲಿಗೋ ಹೋಯಿತು.

ಆಗಸ್ಟಿನಲ್ಲಿ ರಸ್ತೆಯ ಬದಿಯಿಂದ ಹತ್ತಿದ ಬೆಂಕಿ
ರೋಸ್ಮರಿ, ಜುನಿಪರ್, ಕುಳ್ಳ ಓಕ್, ಎಲ್ಲ ತಿಂದು
ಬಳ್ಳಿಗಳ ಮೊದಲ ಸಾಲಿಗೆ ಬಂದು ನಿಂತಿತ್ತು.
ದ್ರಾಕ್ಷಿ ಸುಡಲಿಲ್ಲ. ಮೂರು ಹಗಲು ಮೂರು ರಾತ್ರಿ
ಹೊಗೆಯಲ್ಲಿ ತೂಗಿತು, ಅಷ್ಟೆ.
ಕೊಯ್ಯುವಾಗ ತಿಂದರೆ ಸಿಹಿ. ಏನೂ ಗೊತ್ತಾಗದು.
ಸಿಪ್ಪೆ ಗುಟ್ಟು ಇಟ್ಟುಕೊಳ್ಳುತ್ತದೆ, ವೈನು ಬಿಟ್ಟುಕೊಡುತ್ತದೆ.

ಸುಟ್ಟದ್ದು ಒಂದೇ ಗುಡ್ಡ. ಎಲ್ಲರಿಗೂ ಗೊತ್ತು.
ಚೀಲ ಸೀಸೆಯನ್ನು ಮುಚ್ಚೀತು, ಬೆಟ್ಟವನ್ನಲ್ಲ.

ಸೊಲೀನ್ ಈ ಸಲ ನಾಮಪದ ಹೇಳಲಿಲ್ಲ.
ಮೇಡಂನ ಪೆನ್ಸಿಲು ಹದಿನಾಲ್ಕರ ಮೇಲೆ
ಹದ್ದಿನ ಹಾಗೆ ಸುತ್ತುತ್ತಿತ್ತು, ಇಳಿಯದೆ.
ಬೌದಿಲ್ ತನ್ನ ಬೂಟು ನೋಡಿಕೊಂಡ.
ಹೆತ್ತವರಿಗೆ ಹೆಗ್ಗಣ ಮುದ್ದು, ಇರಲಿ ಬಿಡಿ
ಎಂದು ನಾನೂ ಒಳಗೊಳಗೇ ಅಂದುಕೊಂಡೆ.

ಫುಲ್ಕ್ರಾನ್ ಬಾಯಲ್ಲಿ ಇಟ್ಟುಕೊಂಡೇ ಇದ್ದ.
ಎಡಗೆನ್ನೆ, ಬಲಗೆನ್ನೆ, ನಾಲಿಗೆಯ ಬುಡ.
ಬಕೆಟ್ಟಿನ ಕಡೆ ಬಾಗಲಿಲ್ಲ.
ನುಂಗಿದ. ಹನ್ನೊಂದು ವರ್ಷದಲ್ಲಿ
ಈ ಮೇಜಿನಲ್ಲಿ ಯಾರೂ ನುಂಗಿದ್ದನ್ನು ನಾನು ಕಂಡಿಲ್ಲ.
ಬರೆದ. ಓದಿದ:
“ದೋಷ, ಹೊಗೆ. ಒಂಬತ್ತು.”

ಸ್ವಲ್ಪ ತಡೆದು, ಯಾರನ್ನೂ ನೋಡದೆ,
“ಮಾಡಿದವನು ಯಾರೋ, ಕೊಯ್ಲು ಮಾತ್ರ ಹದಕ್ಕೆ ಕೊಯ್ದಿದ್ದಾನೆ.”
ಮತ್ತೆ, “ಅಸುಂಪ್ತಾ, ಎಂಟು.”

ಎಂಟರ ರುಚಿ ಯಾರಿಗೂ ನೆನಪಿಲ್ಲ.

ಸಂಜೆ ಅಂಕಿಯ ಎದುರು ಹೆಸರು ಬರೆದೆ.
ಉಳಿದದ್ದನ್ನು ವಿನೆಗರ್ ಪೀಪಾಯಿಗೆ ಸುರಿಯಬೇಕು, ನಿಯಮ.
ಹನ್ನೊಂದು ಸುರಿದೆ.
ಏಳನ್ನು ಚೀಲದ ಸಮೇತ ಕೋಟಿನೊಳಗೆ ಇಟ್ಟು ಮನೆಗೆ ತಂದೆ.
ಒಲೆಯ ಉರಿಯಲ್ಲಿ ಈರುಳ್ಳಿ ಕಪ್ಪಗೆ ಸುಟ್ಟು,
ಸಿಪ್ಪೆ ಸುಲಿದು, ಉಪ್ಪು, ಎಣ್ಣೆ.
ಹೊಗೆಯ ಪಕ್ಕ ಹೊಗೆ ಕೂತಿತು,
ಹಳೆಯ ನೆರೆಯವರು ಬೆಂಚಿನ ಮೇಲೆ ಕೂರುವಂತೆ.
ಕೆಳಗೆ, ಬಹಳ ಕೆಳಗೆ, ಒಗರಿತ್ತು.

“ಕುಡಿಯಬಹುದು,” ಎಂದೆ
ಬೌದಿಲ್‌ನ ದನಿಯಲ್ಲಿ, ಖಾಲಿ ಅಡುಗೆಮನೆಗೆ.
ಚೀಲ ಒಗೆದು ಹರವಿದೆ.