ಎಡಗೆನ್ನೆ

ಇಪ್ಪತ್ತೆರಡು ವರ್ಷ ಚಂಪಕಮಾಲೆಯ
ಎಡಗೆನ್ನೆ ಮಾತ್ರ ನೋಡಿದವನು ನಾನು.
ಪ್ರಾಂಪ್ಟರನ ಜಾಗವೇ ಅಂಥದ್ದು: ಪರದೆಯ ಸಂದಿ,
ಮಡಚುವ ಸ್ಟೂಲು, ಬೀಡಿ ಸುಟ್ಟ ತೂತುಗಳ ಹಸ್ತಪ್ರತಿ,
ಮತ್ತೆ ಒಂದು ಕಿವಿ, ಅದರ ಓಲೆ,
ಓಲೆಯ ಕೆಳಗೆ ಬಣ್ಣ ತಲುಪದ ಎರಡು ಬೆರಳಗಲ ಚರ್ಮ.
ಎದುರಿನಿಂದ ಆಕೆ ಹೇಗಿದ್ದಳೋ
ಒಂದೂವರೆ ರೂಪಾಯಿ ಕೊಟ್ಟು ನೆಲಕ್ಕೆ ಕೂತವರಿಗೆ ಗೊತ್ತು.

ಅರಸೀಕೆರೆಯ ಕ್ಯಾಂಪಿನಲ್ಲಿ
ಟೆಂಟಿನ ಬೆನ್ನಿಗೇ ರೈಲು ಹಳಿ.
ಹತ್ತೂಕಾಲರ ಹುಬ್ಬಳ್ಳಿ ಗಾಡಿ
ದಿನವೂ ಮೂರನೇ ಅಂಕದೊಳಕ್ಕೇ ನುಗ್ಗುತ್ತಿತ್ತು.
"ನನ್ನ ಮಗನನ್ನು ಕೊಂದವನು..." ಅನ್ನುವಷ್ಟರಲ್ಲಿ ಕೂಗು.
ಆಕೆ ನಿಲ್ಲುತ್ತಿದ್ದಳು,
ಅಷ್ಟೂ ಬೋಗಿ ದಾಟುವವರೆಗೆ
ಸೆರಗಿನ ತುದಿ ಹಿಡಿದು, ರೆಪ್ಪೆ ಹೊಡೆಯದೆ.
ಆಮೇಲೆ ಮೆತ್ತಗೆ: "ನೀನೇ."
ಕೊಬ್ಬರಿ ಮಂಡಿಯ ಹಮಾಲರೂ ಮೂಗೊರೆಸಿಕೊಂಡರು.
ಪೇಪರಿನಲ್ಲಿ ಬಂತು, ಅಪೂರ್ವ ಮೌನಾಭಿನಯ ಅಂತ.
ನಮ್ಮಿಬ್ಬರಿಗೆ ಗೊತ್ತಿತ್ತು,
ಅದು ರೈಲ್ವೆ ಟೈಂಟೇಬಲ್ಲು.

ಕಂಪನಿ ಮುಳುಗಿತು. ಟೆಂಟಿನ ಬಟ್ಟೆ
ತೆಂಗಿನಕಾಯಿ ರಾಶಿಗೆ ಹೊದಿಕೆಯಾಯಿತು,
ನಾನು ಅದೇ ಮಂಡಿಗೆ ಲೆಕ್ಕದವನಾದೆ.
ಆಕೆ ಟೀವಿಗೆ ಹೋದಳು.
ಮೊದಲು ಬಾಗಿಲ ಬಳಿ ಕಾಫಿ ತಟ್ಟೆ. ಆಮೇಲೆ
ವಕೀಲರ ಮನೆಯ ಕಿವುಡಿ. ಒಂದು ವರ್ಷ ಏನೂ ಇಲ್ಲ.
"ಅಷ್ಟು ಕೂಗಬೇಡಿ ಅಮ್ಮ, ಮೈಕು ಎದೆ ಮೇಲೇ ಇದೆ"
ಎಂದನಂತೆ ಮೊಮ್ಮಗನ ವಯಸ್ಸಿನ ಹುಡುಗ.
ಕೊನೆಯ ಬೆಂಚಿಗೆ ಮುಟ್ಟುವ ಗಂಟಲನ್ನು
ಒಂದು ಗೇಣಿಗೆ ಇಳಿಸಲು ಆಕೆ ಪಟ್ಟ ಪಾಡು!
ಕಡೆಗೆ ಸಿಕ್ಕಿತು, ಬೀಗದ ಕೈ ಗೊಂಚಲಿನ ಅಜ್ಜಿ ಪಾತ್ರ.

ಆಗ ಕಂಡೆ ಮೊದಲ ಸಲ, ಎದುರಿನಿಂದ.
ಬಲಗೆನ್ನೆಯಲ್ಲೊಂದು ಮಚ್ಚೆ.
ಇಷ್ಟು ವರ್ಷ ಯಾರ ಸಾಲುಗಳನ್ನು
ಯಾರ ಕಿವಿಗೆ ಊದುತ್ತಿದ್ದೆನೋ ಅನ್ನಿಸಿ
ಹೆಂಡತಿಗೆ ಸೌಂಡು ಕಡಿಮೆ ಮಾಡು ಅಂದೆ.

ಆರುನೂರ ನಲವತ್ತನೇ ಕಂತಿನಲ್ಲಿ ಅಜ್ಜಿಯನ್ನು ಕೊಂದರು.
ಆಟೋ ಖರ್ಚು ಜಾಸ್ತಿ ಕೇಳಿದಳಂತೆ.
ಸಾಯುವಾಗ ಸೊಸೆಯ ಕೈ ಹಿಡಿದು
"ವಿಷ ಹಾಕಿದವಳು..." ಅಂದು ನಿಂತಳು,
ಸೆರಗಿನ ತುದಿ ಹಿಡಿದು, ರೆಪ್ಪೆ ಹೊಡೆಯದೆ.
ಅಲ್ಲೆಲ್ಲಿಯ ರೈಲು?
ಆ ನಿಲುಗಡೆಗೆ ಸೋಪಿನ ಪುಡಿ ಜಾಹೀರಾತು ತುರುಕಿದರು.
ನೊರೆ ತುಂಬಿದ ಬಕೆಟ್ಟಿಗೆ ನಾನು ಇಲ್ಲಿಂದ ಪಿಸುಗುಟ್ಟಿದೆ:
"ನೀನೇ."

ಈಗ ಆಕೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ.
ದಿನವೂ ಎಂಟೂವರೆಗೆ ಸೊಸೆಯಂದಿರು
ಅದರ ಮುಂದೆ ಬಂದು ಅಳುತ್ತಾರೆ.
ಹಾಸನದ ಸೀರೆ ಅಂಗಡಿಯಲ್ಲಿ ಒಬ್ಬಳು
ಆಕೆಯನ್ನು ಕಂಡು ಕೈಚೀಲ ಬಿಟ್ಟು ಓಡಿದಳಂತೆ.

ಮೊನ್ನೆ ಫೋನು ಮಾಡಿದ್ದಳು:
"ಫೋಟೋಕ್ಕ ಪಗಾರಿಲ್ಲಂತ, ಪಾಲಾಕ್ಷ.
ಆದ್ರ ಮಾತು ಮರೀತೀನಂತ ಹೆದರಿಕಿನೂ ಇಲ್ಲ ನೋಡು."
ನಕ್ಕೆವು. ಮಚ್ಚೆ ಹುಟ್ಟಿನದೋ ಬಣ್ಣದ್ದೋ
ಕೇಳೋಣವೆಂದು ಬಾಯಿ ತೆರೆದೆ,
ಗಾಡಿ ಬಂತು, ಕಿಟಕಿಯ ಸರಳು ನಡುಗಿತು.

ಅತ್ತ ಆಕೆ ಸುಮ್ಮನಾದಳು,
ಬೋಗಿ ಎಣಿಸುವವಳ ಹಾಗೆ.