ಕಾವು ಬಿಡಿಸಿದ್ದು

ಮೊದಲ ದಿನ ಗೊತ್ತಾಗಲೇ ಇಲ್ಲ.
ನೂರಾಹತ್ತು ಪ್ಯಾಂಟಿಗೆ ಜೇಬು ಕೂಡಿಸಬೇಕಿತ್ತು
ಕೌಲ್‌ ಬಜಾರಿನ ಆಟೋ ಬರೋದರೊಳಗೆ.
ಯಾವ ಹ್ಯಾಟೆ ಎಲ್ಲಿ ಕುಂತಿದೆ ಅಂತ
ಮಷೀನು ಓಡುವಾಗ ಯಾರು ನೋಡ್ತಾರೆ?

ಸಂಜೆ ಹುಂಜದ ಹಿಂದೆ ಎಲ್ಲ ಬಂದವು,
ಬೂದಿಯದು, ಕುಂಟಿ, ಬೋಳುಕತ್ತಿನದು.
ಕೆಂಚಿ ಬರಲಿಲ್ಲ.
ಚರಂಡಿ ನೋಡಿದೆ, ಬೆಕ್ಕಿನ ಬಾಯಿ ನೋಡಿದೆ,
ಸುಳ್ಳೇಕೆ, ಮೌಲಾಬಿಯ ಒಲೆಯ ಮೇಲೂ
ಒಂದು ಸಲ ಇಣುಕಿ ನೋಡಿದೆ.
ಇದ್ದಳು ಮನೆಯೊಳಗೇ.
ಜೀನ್ಸಿನ ಚೂರು ತುಂಬಿದ ಚೀಲದಲ್ಲಿ
ತಟ್ಟಿದ ರೊಟ್ಟಿಯಷ್ಟು ಚಪ್ಪಟೆಯಾಗಿ.

ಕೈ ಚಾಚಿದೆ.
ಗರಿಯೆಲ್ಲ ಎದ್ದು ಒಬ್ಬಳು ಇಬ್ಬರಾದಳು,
ಗಂಟಲಲ್ಲಿ ಕೊರ್‌ರ್‌ರ್‌
ಎಣ್ಣೆ ಕಾಣದ ಮೋಟಾರಿನ ಹಾಗೆ.
ಕುಕ್ಕಿದಳು ಹೆಬ್ಬೆರಳಿಗೇ,
ಬೆಳಿಗ್ಗೆ ಸೂಜಿ ಹೊಕ್ಕ ಜಾಗಕ್ಕೇ.
ಹೊಟ್ಟೆಯಡಿ ತೂರಿದರೆ ಸುಡುಸುಡು.
ಎದೆಯ ಪುಕ್ಕ ತಾನೇ ಕಿತ್ತು ಹಾಸಿಕೊಂಡಿದ್ದಾಳೆ,
ಆ ಬೋಳು ಚರ್ಮದ ಕೆಳಗೆ
ತತ್ತಿ ಇಲ್ಲ. ಒಂದೂ ಇಲ್ಲ.
ಹಿತ್ತಾಳೆ ಗುಂಡಿ, ಏಳೋ ಎಂಟೋ.

ತತ್ತಿ ಎಲ್ಲಿಂದ ಬರಬೇಕು,
ದಿನಾ ಎತ್ತಿ ಕಿರಾಣಿ ಅಂಗಡಿಗೆ ಕೊಟ್ಟವಳು ನಾನೇ.

"ಕಾವಿಗೆ ಬಂದೈತಿ," ಮೌಲಾಬಿ ಬಾಗಿಲಿಂದಲೇ ಅಂದಳು.
"ದಿನಕ್ಕೊಮ್ಮೆ ಎದ್ದು, ಗಬಗಬ ನಾಕು ಕಾಳು ತಿಂದು,
ಒಂದೇ ಸಲ ಹಿಡಿಗಾತ್ರ ಹಿಕ್ಕಿ ಹಾಕಿ
ಓಡಿ ಬಂದು ಕುಂತರ, ಅದು ಕಾವೇ."
ಹನ್ನೊಂದು ತತ್ತಿ ಇಟ್ಟು ನೋಡಲೇನು, ಅಂದೆ.
"ಮೇ ತಿಂಗಳಾಗ? ಬಳ್ಳಾರಿಯಾಗ?
ಮರಿ ಆಗಂಗಿಲ್ಲ ತಾಯಿ, ಬೆಂದು ಊಟಕ್ಕ ಬರ್ತಾವ."

ಮೂಗಿಗೆ ಪುಕ್ಕ ಪೋಣಿಸು, ಅಂದರು ಅತ್ತೆ.
ನೀರಲ್ಲಿ ಮೂರು ಸಲ ಅದ್ದು, ಅಂದ
ಕಟಿಂಗ್ ಮಾಸ್ತರ ಹೊನ್ನೂರಪ್ಪ.
ನಲ್ಲಿ ಬಂದು ಒಂಬತ್ತು ದಿನ,
ಕೊಡದ ತಳದಲ್ಲಿರೋದು ನಮ್ಮ ಚಹಾ ಅಷ್ಟೇ.
ಪುಕ್ಕ ಹಿಡಿದೆ. ಮೂಗಿನ ತೂತಿನವರೆಗೂ ಹೋದೆ.
ಹಗಲೆಲ್ಲ ಸೂಜಿಗೆ ದಾರ ಪೋಣಿಸುವ ಕೈ
ಅಲ್ಲಿ ನಿಂತುಬಿಟ್ಟಿತು.

ಕೊನೆಗೆ ಕೆಟ್ಟ ಕೂಲರಿನ ಜಾಲರಿ ಸಿಕ್ಕಿತು.
ನಾಲ್ಕು ಇಟ್ಟಿಗೆಯ ಮೇಲೆತ್ತಿ ಇಟ್ಟೆ,
ಹೊಟ್ಟೆಯಡಿ ಗಾಳಿ ಆಡಲಿ ಅಂತ.
ಹುಲ್ಲಿಲ್ಲ, ಚೂರಿಲ್ಲ, ಮೂಲೆಯ ಕತ್ತಲಿಲ್ಲ.
ಜೋಳ ಇಟ್ಟೆ. ಚಹಾದ ಪಾಲಿನ ನೀರೂ ಇಟ್ಟೆ.

ಒಂದನೇ ದಿನ ಬೈದಳು, ಇಡೀ ಬಂಡಿಹಟ್ಟಿಗೆ ಕೇಳುವಂತೆ.
ಎರಡನೇ ದಿನ ತಂತಿಯ ಮೇಲೇ ಕುಂತಳು,
ಇಲ್ಲದ್ದನ್ನೆಲ್ಲ ರೆಕ್ಕೆಯಡಿ ಎಳೆದುಕೊಂಡು,
ಆಗಾಗ ಕೊಕ್ಕಿನಿಂದ ಅದನ್ನ ಹೊರಳಿಸುತ್ತ.
ಅವತ್ತು ನನ್ನ ಹೊಲಿಗೆ ಎರಡು ಕಡೆ ಸೊಟ್ಟ ಹೋಯಿತು.
ಮೂರನೇ ದಿನ ಎದ್ದು ನಿಂತಳು.

ಬಾಗಿಲು ತೆಗೆದೆ.
ಚೀಲದ ಕಡೆ ನೋಡಿದಳು. ಮಷೀನು ನಿಲ್ಲಿಸಿ ನಾನೂ ನೋಡಿದೆ.
ಆಮೇಲೆ ಏನು ತೋಚಿತೋ,
ಬೂದಿಯದಕ್ಕೆ ಒಂದು ಕುಕ್ಕಿ
ಅಂಗಳದ ಮಣ್ಣಲ್ಲಿ ಕಾಲು ಮೇಲಾಗಿ ಮಿಂದಳು.

ಎರಡು ವಾರಕ್ಕೆ ಜುಟ್ಟು ಕೆಂಪೇರಿತು.
ಬೆಳಿಗ್ಗೆ ಕೂಗಿ ಹೇಳಿದಳು, ಹೋಗಿ ಎತ್ತಿಕೊಂಡೆ.

ಅದೇ ವಾರ ಒಂದು ಪ್ಯಾಂಟು ವಾಪಸು ಬಂತು,
ಜೇಬೊಳಗೆ ಎದೆಯ ಮೆತ್ತನೆಯ ಪುಕ್ಕ, ಹೊಲಿಗೆಗೆ ಸಿಕ್ಕಿ.
"ಇದೇನಮ್ಮ ಇದು?" ಅಂದ ಆಟೋದವ.
ಉಳಿದ ನೂರಾ ಒಂಬತ್ತು ಎಲ್ಲಿ ಹೋದವೋ,
ಎಷ್ಟರಲ್ಲಿ ಅವಳಿದ್ದಾಳೋ.
ನಾನೇನೂ ಹೇಳಲಿಲ್ಲ. ದಾರ ಬಿಚ್ಚಿ ಕೊಟ್ಟೆ.

ಗೋಡೆಗೆ ಮಾತ್ರ ಬಟ್ಟೆಯ ಚಾಕಿನಲ್ಲಿ ಬರೆದಿಟ್ಟಿದ್ದೇನೆ:
ಕಾರ್ತಿಕ. ಕೆಂಚಿ. ಹನ್ನೊಂದು.
ಮೌಲಾಬಿ ನೋಡಿ ಕೇಳಿದಳು,
"ಇದು ಯಾರ ಆರ್ಡರು?"